ಗುಳಿಗೆಯ ಲೆಕ್ಕ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲೂಕಿನ ಕಲಿಕೆ ಕೇಂದ್ರಗಳಲ್ಲಿ ನಾವು ಆಡಿದ ಮಾತು ಇದು. ಕೇಳಿದವರು, "ಅಕ್ಕೋರ, ಇದನ್ನ ಬರದ ಕೊಡ್ರಿ. ಮನ್ಯಾಗ ಕುಂತು ಮತ್ತೊಮ್ಮೆ ಓದ್ತೀವಿ" ಅಂದರು. ಅದಕ್ಕೇ ಬರೆದಿದ್ದೇವೆ.

ನಾವು ಡಾಕ್ಟರ್ ಅಲ್ಲ. ಹಗಲು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವರು. ಸಂಜೆ ನಿಮ್ಮ ಜೊತೆ ಕೂಡುವವರು. ಯಾವ ರೋಗಕ್ಕೆ ಯಾವ ಗುಳಿಗೆ ಅಂತ ನಾವು ಹೇಳುವುದಿಲ್ಲ. ಆ ಗುಳಿಗೆಗೆ ಎಷ್ಟು ರೊಕ್ಕ ಕೊಡಬೇಕು, ಅದನ್ನು ಮಾತ್ರ ಹೇಳುತ್ತೇವೆ. ಲೆಕ್ಕ ನಮಗೆ ಬರುತ್ತದೆ. ಈಗ ನಿಮಗೂ ಬರುತ್ತದೆ.

ಮೊದಲು ಒಬ್ಬ ಅವ್ವನ ಮಾತು ಕೇಳಿ.

ಇಂಡಿ ಕಡೆಯ ಒಂದು ಹಳ್ಳಿ. ಅವ್ವ ನಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ವಯಸ್ಸು ಐವತ್ತೈದರ ಮೇಲೆ. ಬಿಪಿ ಇತ್ತು. ಸಕ್ಕರೆ ಬ್ಯಾನಿಯೂ ಇತ್ತು. ನಮ್ಮ ಕೇಂದ್ರಕ್ಕೆ ಮೊದಲ ದಿನದಿಂದ ಬಂದವರು. ಮಳೆ ಬಂದರೂ ತಪ್ಪಿಸುತ್ತಿರಲಿಲ್ಲ. ಮೂರು ತಿಂಗಳಲ್ಲಿ ತಮ್ಮ ಹೆಸರು ಬರೆದರು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಮಾಡಿದರು.

ಅವರ ಮನೆಗೆ ಆಯುಷ್ಮಾನ್ ಕಾರ್ಡು ಬಂತು. ಮಗ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ತಂದ. "5 ಲಕ್ಷದ ತನಕ ಎಲ್ಲಾ ಪುಕಟ ಅಂತ" ಎಂದು ಓಣಿಯಲ್ಲಿ ಮಾತು. ಅವ್ವನ ಗುಳಿಗೆ ಮುಗಿಯುತ್ತ ಬಂದಿತ್ತು. ಚೀಟಿ ತೆಗೆದುಕೊಂಡರು. ಕಾರ್ಡು ತೆಗೆದುಕೊಂಡರು. ಬಸ್ಸಿಗೆ ರೊಕ್ಕ ಬೇಡ. ಸೆರಗಿನ ಗಂಟಿನಲ್ಲಿ ಚಹಾದ ರೊಕ್ಕ ಮಾತ್ರ ಇತ್ತು. ಪೇಟೆಯ ಔಷಧಿ ಅಂಗಡಿಗೆ ಹೋದರು.

ಅಂಗಡಿಯ ಹುಡುಗ ಕಾರ್ಡು ನೋಡಿ ನಕ್ಕ. "ಏ ಆಯಿ, ಇದು ಇಲ್ಲಿ ನಡಿಯಂಗಿಲ್ಲ. ದವಾಖಾನ್ಯಾಗ ಅಡ್ಮಿಟ್ ಆದ್ರ ಅಷ್ಟ" ಅಂದ. ಹಿಂದೆ ನಾಲ್ಕು ಮಂದಿ ನಿಂತಿದ್ದರು. ಅವ್ವಗೆ ನಾಚಿಕೆ ಆಯಿತು. ಚೀಟಿ ಮಡಚಿಕೊಂಡು ಬಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಉಳಿದ ಗುಳಿಗೆಗಳನ್ನು ದಿನ ಬಿಟ್ಟು ದಿನ ತೆಗೆದುಕೊಂಡರು. ಆಮೇಲೆ ಅರ್ಧರ್ಧ ಮುರಿದುಕೊಂಡರು. ಆಮೇಲೆ ಗುಳಿಗೆಯೇ ಇರಲಿಲ್ಲ.

ಒಂದು ನಸುಕಿನಲ್ಲಿ ಕೈಯಿಂದ ತಂಬಿಗೆ ಜಾರಿತು. ಬಾಯಿ ಒಂದು ಕಡೆ ವಾಲಿತು. ಮಾತು ತೊದಲಿತು. ಲಕ್ವಾ ಹೊಡೆದಿತ್ತು. ಸೊಸೆ ಶಾಣ್ಯಾಕಿ. ಕೂಡಲೇ 108ಕ್ಕೆ ಫೋನ್ ಮಾಡಿದಳು. ದವಾಖಾನೆಗೆ ಸೇರಿಸಿದರು. ಅಲ್ಲಿ ಅದೇ ಕಾರ್ಡು ನಡೆಯಿತು. ಬಿಲ್ಲು ಮನೆಯವರ ಮೇಲೆ ಬೀಳಲಿಲ್ಲ. ಜೀವ ಉಳಿಯಿತು. ಬಲಗೈ ಮಾತ್ರ ಇನ್ನೂ ಪೂರಾ ಬಂದಿಲ್ಲ. ಸಹಿ ಕಲಿತ ಕೈ ಅದು.

ಇದರಲ್ಲಿ ನಮ್ಮದೂ ತಪ್ಪಿದೆ. ಅದನ್ನು ಮುಚ್ಚಿಡುವುದಿಲ್ಲ. ಕಾರ್ಡು ಬಂದ ದಿನ ಅವ್ವ ಅದನ್ನು ಕೇಂದ್ರಕ್ಕೆ ತಂದಿದ್ದರು. ಅದರ ಮೇಲಿನ ಅವರ ಹೆಸರು ಓದಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಈ ಕಾರ್ಡು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಒಂದು ಮಾತೂ ಹೇಳಲಿಲ್ಲ. ಹೇಳಬೇಕಿತ್ತು.

ಈಗ ಹೇಳುತ್ತೇವೆ.

ನಿಮ್ಮಲ್ಲಿ ಎಷ್ಟೋ ಮಂದಿ ಎತ್ತಿಗೆ, ಎಮ್ಮೆಗೆ ವಿಮೆ ಮಾಡಿಸಿದ್ದೀರಿ. ಎತ್ತು ಸತ್ತರೆ ವಿಮೆಯ ರೊಕ್ಕ ಬರುತ್ತದೆ. ಆದರೆ ಎತ್ತಿನ ಕಣಕಿಗೆ, ಹಿಂಡಿಗೆ ವಿಮೆಯವರು ರೊಕ್ಕ ಕೊಡುತ್ತಾರೇನು? ಕೊಡುವುದಿಲ್ಲ. ದಿನದ ಮೇವು ನಿಮ್ಮದೇ. ಮನುಷ್ಯರ ಆರೋಗ್ಯ ವಿಮೆಯೂ ಬಹಳ ಮಟ್ಟಿಗೆ ಹೀಗೆಯೇ. ದವಾಖಾನೆಯಲ್ಲಿ ಮಲಗಿದರೆ ಅದು ಬರುತ್ತದೆ. ಮನೆಯಲ್ಲಿ ದಿನಾ ನುಂಗುವ ಗುಳಿಗೆಗೆ ಬರುವುದಿಲ್ಲ. ಬಿಪಿ, ಸಕ್ಕರೆ, ಉಬ್ಬಸ, ಥೈರಾಯ್ಡ್, ಮೂರ್ಛೆ. ಇವೆಲ್ಲ ದಿನದ ಮೇವಿನ ಹಾಗೆ. ತಿಂಗಳು ತಿಂಗಳು ಬೇಕು.

ಆಯುಷ್ಮಾನ್ ಕಾರ್ಡಿನ ಯೋಜನೆ ದೇಶದಲ್ಲಿ 2018ರಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದೇ ವರ್ಷ ಆರೋಗ್ಯ ಕರ್ನಾಟಕ ಯೋಜನೆಯೂ ಬಂತು. ಎರಡನ್ನೂ ಕೂಡಿಸಿ ಒಂದೇ ಮಾಡಿದರು. ಬಿಪಿಎಲ್ ರೇಷನ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ. ಇದು ಒಬ್ಬೊಬ್ಬರಿಗೆ ಅಲ್ಲ, ಇಡೀ ಕುಟುಂಬಕ್ಕೆ. ಮೊದಲು ಸರ್ಕಾರಿ ದವಾಖಾನೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಚೀಟಿ ಬರೆದು ಬೇರೆ ಕಡೆ ಕಳಿಸುತ್ತಾರೆ. ಜೀವಕ್ಕೆ ಅಪಾಯ ಇದ್ದಾಗ ನೇರವಾಗಿ ಯೋಜನೆಯ ದವಾಖಾನೆಗೆ ಹೋಗಬಹುದು. ದೇಶದ ಯೋಜನೆಯ ನಿಯಮದ ಪ್ರಕಾರ, ಅಡ್ಮಿಟ್ ಆಗಿ ಬಿಡುಗಡೆ ಆದ ಮೇಲೆ 15 ದಿನದ ಔಷಧವೂ ಅದರಲ್ಲಿ ಸೇರಿದೆ. ಬಿಡುಗಡೆಯ ದಿನ ಅದನ್ನು ಕೇಳಿ ಪಡೆಯಿರಿ. ಹದಿನಾರನೆಯ ದಿನದಿಂದ ಮತ್ತೆ ನಿಮ್ಮ ರೊಕ್ಕ.

ನಮಗೆ ಒಂದು ಮಾತು ಅನ್ನಿಸುತ್ತದೆ. ಲಕ್ವಾ ಹೊಡೆದ ಮೇಲೆ ಕಾರ್ಡು ಸಾವಿರಾರು ರೂಪಾಯಿ ಕೊಡುತ್ತದೆ. ಲಕ್ವಾ ಬಾರದಂತೆ ತಡೆಯುವ ಗುಳಿಗೆಗೆ ಹತ್ತು ರೂಪಾಯಿಯನ್ನೂ ಕೊಡುವುದಿಲ್ಲ. ಇದು ಯಾವ ನ್ಯಾಯವೋ. ಇರಲಿ.

ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಅದು 2003ರಲ್ಲಿ ಶುರುವಾಯಿತು. ಆಗ ವರ್ಷಕ್ಕೆ ಒಬ್ಬರಿಗೆ 60 ರೂಪಾಯಿ ವಂತಿಗೆ. 2018ರಲ್ಲಿ ನಿಂತುಹೋಗಿತ್ತು. 2022ರಲ್ಲಿ ಮತ್ತೆ ಹೆಸರು ಬರೆಸಿಕೊಳ್ಳಲು ಶುರು ಮಾಡಿದರು. ಆಗ ಹಳ್ಳಿಯ ನಾಲ್ಕು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟರು. ಆಪರೇಷನ್ನಿಗೆ ಅದು ದೊಡ್ಡ ಆಸರೆ. ನಮ್ಮ ಕಡೆ ಎಷ್ಟೋ ಮಂದಿಗೆ ಆಗಿದೆ. ಆದರೆ ತಿಂಗಳ ಗುಳಿಗೆಗೆ ಅದೂ ಬರುವುದಿಲ್ಲ.

ಖಾಸಗಿ ವಿಮೆಯವರು ಊರಿಗೆ ಬರುತ್ತಾರೆ. ನಮ್ಮ ಮನೆಗೂ ಒಬ್ಬರು ಬಂದಿದ್ದರು. ಮೂರು ಮಂದಿಗೆ ವರ್ಷಕ್ಕೆ 14,000 ರೂಪಾಯಿ ಅಂದರು. "ದವಾಖಾನಿ, ಔಷಧ ಎಲ್ಲಾ ಬರ್ತೈತ್ರಿ" ಅಂದರು. ನಾವು, "ಅತ್ತೆಯವರ ತಿಂಗಳ ಗುಳಗಿಗೆ ಬರ್ತೈತೇನ್ರಿ? ಎಲ್ಲಿ ಬರದೈತಿ, ತೋರಸ್ರಿ" ಅಂದೆವು. ಕಾಗದ ತಿರುವಿದರು, ತಿರುವಿದರು. ಕೊನೆಗೆ, "24 ತಾಸು ಅಡ್ಮಿಟ್ ಆಗಬೇಕ್ರಿ" ಅಂದರು. ಅದು ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ದೊಡ್ಡ ರೋಗ ಬಂದಾಗ ಹೊಲ ಮಾರುವುದು ತಪ್ಪಬಹುದು. ಆದರೆ ಗುಳಿಗೆಯ ಖರ್ಚು ಉಳಿಯುತ್ತದೆ ಅಂತ ತಿಳಿದು ಅದನ್ನು ಮಾಡಿಸಬೇಡಿ. ಬಾಯಿಮಾತು ಬೇಡ. ಬರೆದದ್ದನ್ನು ತೋರಿಸಿ ಅನ್ನಿ. ಓದಲು ಬರದಿದ್ದರೆ ಕೇಂದ್ರಕ್ಕೆ ತನ್ನಿ.

ದಿನದ ಗುಳಿಗೆಯನ್ನೂ ಕೊಡುವ ಒಂದು ವಿಮೆ ಇದೆ. ಅದರ ಹೆಸರು ಇಎಸ್‌ಐ. ನಿಮ್ಮ ಮಗನೋ ಮಗಳೋ ಬೆಂಗಳೂರಿನ ಗಾರ್ಮೆಂಟಿನಲ್ಲಿ, ಕಾರ್ಖಾನೆಯಲ್ಲಿ ಇರಬಹುದು. ಸಂಬಳ 21,000 ರೂಪಾಯಿಯ ಒಳಗೆ ಇದ್ದರೆ ಅವರ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. 2019ರಿಂದ ಅದು 100 ರೂಪಾಯಿಗೆ 75 ಪೈಸೆ. ಅಂದರೆ 12,000 ಸಂಬಳಕ್ಕೆ 90 ರೂಪಾಯಿ. ಮಾಲಕರು ಬೇರೆ ಕಟ್ಟುತ್ತಾರೆ. ಮಕ್ಕಳನ್ನೇ ನಂಬಿದ ತಾಯಿ ತಂದೆಯ ಹೆಸರನ್ನೂ ಅದರಲ್ಲಿ ಬರೆಸಬಹುದು. ಮುದ್ದೇಬಿಹಾಳ ಕಡೆಯ ಒಬ್ಬ ಅಕ್ಕನ ಮಗಳು ಮೂರು ವರ್ಷದಿಂದ ರೊಕ್ಕ ಕಟ್ಟುತ್ತಿದ್ದಳು. ತಾಯಿಯ ಹೆಸರು ಬರೆಸಿರಲಿಲ್ಲ. ಅಕ್ಕ ಫೋನಿನಲ್ಲಿ, "ನನ್ ಹೆಸರು ಅದ್ರಾಗ ಐತೇನ?" ಅಂತ ಕೇಳಿದ ಮೇಲೆ ಬರೆಸಿದಳು. ನೀವೂ ಒಂದು ಸಲ ಕೇಳಿ. ಹತ್ತಿರದ ಇಎಸ್‌ಐ ದವಾಖಾನೆ ಎಲ್ಲಿದೆ ಅಂತಲೂ ಕೇಳಿ.

ಅಮೆರಿಕದ ಮಾತು ಒಂದು ಹೇಳುತ್ತೇವೆ. ಅಲ್ಲಿ ಗುಳಿಗೆಗೂ ವಿಮೆ ಇದೆ. ಅಂಗಡಿಯಲ್ಲಿ ವಿಮೆಯ ಕಾರ್ಡು ತೋರಿಸಿ ತಮ್ಮ ಪಾಲಿನ ರೊಕ್ಕ ಕೊಡುತ್ತಾರೆ. ಆದರೆ ಕೆಲವು ಸಲ ಆ ಪಾಲು ಗುಳಿಗೆಯ ಪೂರಾ ಬೆಲೆಗಿಂತ ಹೆಚ್ಚು! ಕಾರ್ಡು ತೋರಿಸದೆ ಕೊಂಡರೇ ಅಗ್ಗ. ಅದನ್ನು ಗಿರಾಕಿಗೆ ಹೇಳಬಾರದು ಅಂತ ಅಂಗಡಿಯವರ ಬಾಯಿ ಕಟ್ಟುವ ಕರಾರು ಇರುತ್ತಿತ್ತು. 2018ರಲ್ಲಿ ಅಲ್ಲಿ ಕಾನೂನು ಮಾಡಿ ಆ ಕರಾರನ್ನು ತಪ್ಪಿಸಿದರು. ಅಷ್ಟು ಓದಿದವರ ದೇಶದಲ್ಲಿ ಹಾಗೆ. ನಾವು ನೀವು ಅಂಗಡಿಯಲ್ಲಿ ಬಾಯಿ ಬಿಟ್ಟು ಕೇಳಲು ಯಾಕೆ ನಾಚಬೇಕು?

ಈಗ ನಮ್ಮ ಪೇಟೆಗೆ ಬರೋಣ.

ಮೊದಲ ಬಾಗಿಲು ಸರ್ಕಾರಿ ದವಾಖಾನೆಯದು. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ. ಅಲ್ಲಿ ಬಿಪಿ, ಸಕ್ಕರೆಯ ಗುಳಿಗೆ ಪುಕ್ಕಟೆ. ಕೂಲಿಯ ಅವ್ವಗೂ ಪುಕ್ಕಟೆ, ನಮಗೂ ಪುಕ್ಕಟೆ. ತಿಂಗಳಿಗೆ ಒಮ್ಮೆ ಹೋಗಿ ಬಿಪಿ, ಸಕ್ಕರೆ ನೋಡಿಸಿ ಗುಳಿಗೆ ತರಬಹುದು. "ಸರ್ಕಾರಿ ಗುಳಗಿ ನಾಟಂಗಿಲ್ಲ" ಅಂತ ಕೆಲವರು ಅನ್ನುತ್ತಾರೆ. ನಾಟುವುದು ಬಿಡುವುದು ಬಾಯಿಮಾತಿನಿಂದ ಗೊತ್ತಾಗುವುದಿಲ್ಲ. ಒಂದು ತಿಂಗಳು ತಪ್ಪದೆ ತೆಗೆದುಕೊಂಡು ಮತ್ತೆ ಬಿಪಿ ನೋಡಿಸಿ. ಕಾಗದದ ಮೇಲಿನ ಅಂಕಿ ಹೇಳುತ್ತದೆ. 2024ರಲ್ಲಿ ಸರ್ಕಾರ ಗೃಹ ಆರೋಗ್ಯ ಅನ್ನುವ ಯೋಜನೆಯನ್ನು ಕೋಲಾರ ಜಿಲ್ಲೆಯಲ್ಲಿ ಶುರು ಮಾಡಿತು. ಮನೆಗೇ ಬಂದು ಬಿಪಿ, ಸಕ್ಕರೆ ನೋಡಿ ಗುಳಿಗೆ ಕೊಡುವ ಯೋಜನೆ ಅದು. ನಿಮ್ಮ ಓಣಿಗೆ ಯಾವಾಗ ಬರುತ್ತಾರೆ ಅಂತ ಆಶಾ ಅಕ್ಕನನ್ನು ಕೇಳಿ.

ಪುಕ್ಕಟೆ ಅನ್ನುವುದು ನಿಜ. ಆದರೆ ಕೆಲವು ತಿಂಗಳು ಅಲ್ಲಿ ಗುಳಿಗೆ ತೀರಿರುತ್ತದೆ. "ಹೊರಗ ತಗೋರಿ" ಅಂತ ಚೀಟಿ ಬರೆಯುತ್ತಾರೆ. ಆಗ ಸುಮ್ಮನೆ ಬರಬೇಡಿ. "ಮತ್ತ ಯಾವಾಗ ಬರ್ತಾವ್ರಿ?" ಅಂತ ಕೇಳಿ. ಎರಡು ಮೂರು ತಿಂಗಳು ಹೀಗೇ ಆದರೆ 104ಕ್ಕೆ ಫೋನ್ ಮಾಡಿ ಹೇಳಿ. ಅದು ಆರೋಗ್ಯದ ಸಹಾಯವಾಣಿ.

ಎರಡನೆಯ ಬಾಗಿಲು ಜನೌಷಧಿ ಅಂಗಡಿ. 2008ರಲ್ಲಿ ಸರ್ಕಾರ ಇದನ್ನು ಶುರು ಮಾಡಿತು. ಮೊದಲ ಅಂಗಡಿ ಪಂಜಾಬಿನ ಅಮೃತಸರದಲ್ಲಿ. 2023ರ ಹೊತ್ತಿಗೆ ದೇಶದಲ್ಲಿ 10,000 ಅಂಗಡಿ ಆದವು. ಕಂಪನಿಯ ಹೆಸರಿನ ಔಷಧಕ್ಕಿಂತ ಅರ್ಧ ಬೆಲೆ, ಕೆಲವು ಇನ್ನೂ ಕಡಿಮೆ. ಮುಟ್ಟಿನ ಪ್ಯಾಡೂ ಅಲ್ಲಿ ಸಿಗುತ್ತದೆ. 2019ರಲ್ಲಿ ಅದರ ಬೆಲೆ ಒಂದಕ್ಕೆ 1 ರೂಪಾಯಿ ಮಾಡಿದರು. ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ.

ಅಲ್ಲಿ ಅಗ್ಗ ಯಾಕೆ? ಕೇಳುವ ಮಾತೇ. ಸಂತೆಯಲ್ಲಿ ಜೋಳ ಕೊಳ್ಳುತ್ತೀರಿ. ಅದೇ ಜೋಳವನ್ನು ಚಂದದ ಪಾಕೀಟಿನಲ್ಲಿ ತುಂಬಿ, ಹೆಸರಿಟ್ಟು, ಟಿವಿಯಲ್ಲಿ ತೋರಿಸಿ ಮಾರಿದರೆ ಬೆಲೆ ಹೆಚ್ಚು. ಜೋಳ ಅದೇ. ಗುಳಿಗೆಗೆ ಎರಡು ಹೆಸರು. ಒಂದು ಒಳಗಿನ ಔಷಧದ ಮೂಲ ಹೆಸರು. ಸಕ್ಕರೆಯ ಗುಳಿಗೆಗೆ ಮೆಟ್‌ಫಾರ್ಮಿನ್, ಬಿಪಿಯ ಗುಳಿಗೆಗೆ ಆಮ್ಲೊಡಿಪಿನ್ ಅಂತ ಇರುತ್ತವಲ್ಲ, ಅವು ಮೂಲ ಹೆಸರು. ಇನ್ನೊಂದು ಕಂಪನಿ ಇಟ್ಟ ಹೆಸರು. ಜನೌಷಧಿಯಲ್ಲಿ ಮೂಲ ಹೆಸರಿನಿಂದ ಮಾರುತ್ತಾರೆ. ಅದನ್ನು ಜೆನೆರಿಕ್ ಅನ್ನುತ್ತಾರೆ. ಬೇರೆ ಮೆಡಿಕಲ್ ಅಂಗಡಿಯಲ್ಲೂ ಜೆನೆರಿಕ್ ಇರುತ್ತವೆ. ಕೇಳಿದರೆ ತೆಗೆದು ತೋರಿಸುತ್ತಾರೆ.

ಚೀಟಿಯಲ್ಲಿ ಕಂಪನಿಯ ಹೆಸರೇ ಇದ್ದರೆ ಅಂಗಡಿಯವರು ತಾವಾಗಿ ಬೇರೆ ಕೊಡುವಂತಿಲ್ಲ. ಅದಕ್ಕೆ ಡಾಕ್ಟರ ಹತ್ತಿರವೇ ಹೇಳಬೇಕು. "ಸಾಹೇಬ್ರ, ಔಷಧದ ಮೂಲ ಹೆಸರು ಬರೀರಿ. ದೊಡ್ಡ ಅಕ್ಷರದಾಗ ಬರೀರಿ." ಇಷ್ಟೇ ಮಾತು. 2016ರಲ್ಲಿ ಡಾಕ್ಟರರ ನಿಯಮದಲ್ಲೇ ಹೀಗೆ ಬರೆಯಬೇಕು ಅಂತ ಸೇರಿಸಿದ್ದಾರೆ. ಬಾಗೇವಾಡಿ ಕಡೆಯ ಒಬ್ಬ ಅಕ್ಕ ಹೀಗೆ ಕೇಳಿದರು. ಡಾಕ್ಟರರು ಕನ್ನಡಕ ಸರಿಮಾಡಿಕೊಂಡು, "ಯಾರು ಕಲಿಸ್ಯಾರ ನಿನಗ?" ಅಂದರು. "ಸಾಲಿ ಅಕ್ಕೋರು" ಅಂದರು ಅಕ್ಕ. ಬರೆದು ಕೊಟ್ಟರು.

ಒಂದು ಎಚ್ಚರ. ಮೂರ್ಛೆ ರೋಗದ ಗುಳಿಗೆ, ಥೈರಾಯ್ಡ್ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ. ಇವನ್ನು ಡಾಕ್ಟರಿಗೆ ಕೇಳದೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸಬೇಡಿ.

ಮೂರನೆಯದು ರಿಯಾಯಿತಿಯ ಬೋರ್ಡು. ಬಸ್ ಸ್ಟ್ಯಾಂಡಿನ ಸುತ್ತ ನೋಡಿದ್ದೀರಿ. 10 ಪರ್ಸೆಂಟ್, 20 ಪರ್ಸೆಂಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಇಲ್ಲಿ ನಾವೇ ಮೋಸ ಹೋದ ಕಥೆ ಹೇಳುತ್ತೇವೆ. ಮೋಸ ಅಂದರೆ ಅಂಗಡಿಯವರು ಸುಳ್ಳು ಹೇಳಲಿಲ್ಲ. ನಾವೇ ಲೆಕ್ಕ ಮಾಡಲಿಲ್ಲ.

ನಮ್ಮ ಅತ್ತೆಯವರಿಗೆ ಸಕ್ಕರೆ ಬ್ಯಾನಿ. 20 ಪರ್ಸೆಂಟ್ ರಿಯಾಯಿತಿಯ ಅಂಗಡಿಯಿಂದ ಎರಡು ವರ್ಷ ಗುಳಿಗೆ ತಂದೆವು. ಅಗ್ಗಕ್ಕೆ ತಂದೆವು ಅಂತ ಹೆಮ್ಮೆ ಬೇರೆ. ಒಂದು ಸಂಜೆ ಸಿಂದಗಿ ಕಡೆಯ ಕೇಂದ್ರದಲ್ಲಿ ಭಾಗಾಕಾರ ಕಲಿಸುತ್ತಿದ್ದೆವು. ಲೆಕ್ಕಕ್ಕೆ ಬೇಕು ಅಂತ ಚೀಲದಲ್ಲಿದ್ದ ಗುಳಿಗೆ ಪಟ್ಟಿ ತೆಗೆದು ತೋರಿಸಿದೆವು. ಹಿಂದೆ ಕುಳಿತ ಒಬ್ಬ ಹೆಣ್ಣುಮಗಳು ತನ್ನ ಗಂಡನ ಪಟ್ಟಿ ತೆಗೆದಳು. ಎರಡನ್ನೂ ಪಕ್ಕದಲ್ಲಿ ಇಟ್ಟು ಎಣಿಸಿದಳು. "ಅಕ್ಕೋರ, ನಿಮ್ಮ ಪಟ್ಟ್ಯಾಗ ಹದಿನೈದು ಅದಾವ್ರಿ. ನಮ್ಮವು ಹತ್ತು" ಅಂದಳು. ಅಷ್ಟು ಹೇಳಿದ ಮೇಲೆ ಲೆಕ್ಕ ತಾನೇ ಶುರುವಾಯಿತು.

ನೀವೂ ಮಾಡಿ. ಅಂಕಿಗಳನ್ನು ಕಲಿಯಲು ಸುಲಭ ಆಗಲಿ ಅಂತ ನಾವು ಹಾಕಿದ್ದೇವೆ. ನಿಮ್ಮ ಪಟ್ಟಿಯ ಅಂಕಿ ಬೇರೆ ಇರಬಹುದು.

ಒಂದನೆಯ ಅಂಗಡಿ. ಪಟ್ಟಿಯಲ್ಲಿ 15 ಗುಳಿಗೆ. ಅಚ್ಚಾದ ಬೆಲೆ 45 ರೂಪಾಯಿ. ರಿಯಾಯಿತಿ 20 ಪರ್ಸೆಂಟ್. 100ಕ್ಕೆ 20 ಅಂದರೆ 10ಕ್ಕೆ 2. 40ಕ್ಕೆ 8. ಉಳಿದ 5ಕ್ಕೆ 1. ಒಟ್ಟು 9 ರೂಪಾಯಿ ಕಡಿಮೆ. 45ರಲ್ಲಿ 9 ಕಳೆದರೆ 36. 36 ರೂಪಾಯಿ ಅಂದರೆ 3600 ಪೈಸೆ. 15ರಿಂದ ಭಾಗಿಸಿ. 240 ಪೈಸೆ. ಒಂದು ಗುಳಿಗೆಗೆ 2 ರೂಪಾಯಿ 40 ಪೈಸೆ.

ಎರಡನೆಯ ಅಂಗಡಿ. ಬೋರ್ಡು ಇಲ್ಲ. ರಿಯಾಯಿತಿ ಇಲ್ಲ. ಅದೇ ಔಷಧ, ಬೇರೆ ಕಂಪನಿ. ಪಟ್ಟಿಯಲ್ಲಿ 10 ಗುಳಿಗೆ, ಬೆಲೆ 22 ರೂಪಾಯಿ. ಒಂದಕ್ಕೆ 2 ರೂಪಾಯಿ 20 ಪೈಸೆ. ರಿಯಾಯಿತಿ ಇಲ್ಲದ್ದೇ ಅಗ್ಗ!

ಮೂರನೆಯದು ಜನೌಷಧಿ. 10 ಗುಳಿಗೆಗೆ 8 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದಕ್ಕೆ 80 ಪೈಸೆ.

ದಿನಕ್ಕೆ ಎರಡು ಗುಳಿಗೆ. ತಿಂಗಳಿಗೆ 60. ಒಂದನೆಯ ಅಂಗಡಿಯಲ್ಲಿ 144 ರೂಪಾಯಿ. ಎರಡನೆಯದರಲ್ಲಿ 132. ಜನೌಷಧಿಯಲ್ಲಿ 48. ಸರ್ಕಾರಿ ದವಾಖಾನೆಯಲ್ಲಿ ಸೊನ್ನೆ. ಮೊದಲನೆಯದಕ್ಕೂ ಜನೌಷಧಿಗೂ ತಿಂಗಳಿಗೆ 96 ರೂಪಾಯಿ ಫರಕು. ವರ್ಷಕ್ಕೆ 1,152. ಇದು ಒಂದೇ ಗುಳಿಗೆಯ ಲೆಕ್ಕ. ಮನೆಯಲ್ಲಿ ಮೂರು ನಾಲ್ಕು ಬಗೆಯ ಗುಳಿಗೆ ಇದ್ದರೆ?

ಆ ಹೆಣ್ಣುಮಗಳು ಪೆನ್ಸಿಲ್ ಕೆಳಗಿಟ್ಟು, "ಅಕ್ಕೋರ, ನೀವು ಕಲಿಸಿದ ಲೆಕ್ಕಾನ ನಿಮಗ ಬಂದಿಲ್ಲಲ್ರಿ" ಅಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ಎರಡು ವರ್ಷದ ಲೆಕ್ಕ ಹಾಕಿದಾಗ ನಗು ಬರಲಿಲ್ಲ.

ರಿಯಾಯಿತಿ ಹೇಗೆ ಕೊಡುತ್ತಾರೆ? ಕೆಲವು ಔಷಧಗಳ ಮೇಲ್ಬೆಲೆಯನ್ನು ಸರ್ಕಾರವೇ ಕಟ್ಟುತ್ತದೆ. 2013ರ ಔಷಧ ಬೆಲೆ ಆದೇಶದಲ್ಲಿ ಅದರ ಲೆಕ್ಕ ಇದೆ. ಅದರಲ್ಲಿ ಅಂಗಡಿಯವರ ಪಾಲು 100ಕ್ಕೆ 16 ಅಂತ ಹಿಡಿದಿದ್ದಾರೆ. ಅಂಥ ಔಷಧದಲ್ಲಿ ಬಹಳ ಬಿಡಲು ಆಗುವುದಿಲ್ಲ. ಬೇರೆ ಕೆಲವು ಔಷಧಗಳಲ್ಲಿ ಕಂಪನಿಯವರು ಮೊದಲೇ ದೊಡ್ಡ ಬೆಲೆ ಅಚ್ಚು ಹಾಕಿರುತ್ತಾರೆ. ಅದರಲ್ಲಿ ಅರ್ಧ ಬಿಟ್ಟರೂ ಅಂಗಡಿಗೆ ಲಾಭವೇ. ಸಂತೆಯಲ್ಲಿ ಸೀರೆಯವನು ಸಾವಿರ ಹೇಳಿ ಐದುನೂರಕ್ಕೆ ಕೊಡುವುದಿಲ್ಲವೆ? ಅಲ್ಲಿ ನೀವು ಮೋಸ ಹೋಗುವುದಿಲ್ಲ. ಎರಡು ಅಂಗಡಿ ತಿರುಗುತ್ತೀರಿ. ಗುಳಿಗೆ ಅಂಗಡಿಯಲ್ಲಿ ಮಾತ್ರ ಸುಮ್ಮನಿರುತ್ತೀರಿ. ಆದ್ದರಿಂದ ಪರ್ಸೆಂಟ್ ಕೇಳಬೇಡಿ. "ಒಂದು ಗುಳಗಿಗೆ ಎಷ್ಟು ಬಿತ್ತು?" ಅಂತ ಕೇಳಿ.

"ಪಟ್ಟಿ ಮ್ಯಾಲ ಎಲ್ಲಾ ಇಂಗ್ಲಿಷ್ ಐತ್ರಿ, ನಾವು ಹ್ಯಾಂಗ ಓದೂದು?" ಅಂತ ಎಲ್ಲ ಕಡೆ ಕೇಳಿದರು. ಹೌದು, ಇಂಗ್ಲಿಷ್ ಇದೆ. ನಮಗೂ ಸಿಟ್ಟು ಬರುತ್ತದೆ. ಆದರೆ ಅಂಕಿ ನಿಮಗೆ ಬರುತ್ತವೆ. ಬಸ್ಸಿನ ನಂಬರು ಓದುತ್ತೀರಿ, ಫೋನು ಒತ್ತುತ್ತೀರಿ. ಅವೇ ಅಂಕಿ ಇಲ್ಲೂ ಇವೆ. ಇಂಗ್ಲಿಷಿನ ಮೂರು ಅಕ್ಷರ ಮಾತ್ರ ಗುರುತು ಮಾಡಿಕೊಳ್ಳಿ. ಎಂ, ಆರ್, ಪಿ. ಎಂ ಅಂದರೆ ಎರಡು ಗುಡ್ಡ ಪಕ್ಕದಲ್ಲಿ ನಿಂತ ಹಾಗೆ. ಪಿ ಅಂದರೆ ಕೋಲಿನ ತಲೆಗೆ ಒಂದು ಗಂಟು. ಆರ್ ಅಂದರೆ ಅದೇ ಗಂಟಿಗೆ ಮುಂದೆ ಚಾಚಿದ ಒಂದು ಕಾಲು. ಈ ಮೂರರ ಮುಂದೆ ಇರುವ ಅಂಕಿಯೇ ಬೆಲೆ. ತೆರಿಗೆ ಅದರಲ್ಲೇ ಸೇರಿದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ.

ಇನ್ನೊಂದು ಅಂಕಿ ಔಷಧದ ತೂಕ. 500 ಎಂ.ಜಿ., 5 ಎಂ.ಜಿ. ಅಂತ ಇರುತ್ತದೆ. ಹಳೆ ಪಟ್ಟಿಯಲ್ಲಿ 500 ಇದ್ದು ಹೊಸದರಲ್ಲಿ 1000 ಇದ್ದರೆ ನುಂಗಬೇಡಿ. ಹಿಂದಿರುಗಿ ಹೋಗಿ ಕೇಳಿ. ಮೂಲ ಹೆಸರು ಓದಲು ಬರದಿದ್ದರೂ ಹಳೆ ಪಟ್ಟಿ, ಹೊಸ ಪಟ್ಟಿ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಬೀಜ ಆರಿಸುವ ಕಣ್ಣು ನಿಮ್ಮದು. ಒಂದು ಅಕ್ಷರ ಬೇರೆಯಾದರೂ ಗೊತ್ತಾಗುತ್ತದೆ. ಆದ್ದರಿಂದ ಖಾಲಿ ಪಟ್ಟಿಯನ್ನು ಎಸೆಯಬೇಡಿ. ಅಂಗಡಿಗೆ ಹೋಗುವಾಗ ಚೀಟಿಯ ಜೊತೆ ಅದೂ ಇರಲಿ. ಪಟ್ಟಿ ಕತ್ತರಿಸಿ ಕೊಟ್ಟರೆ ತಿಂಗಳು, ವರ್ಷ ಅಚ್ಚಾದ ತುಂಡು ನಿಮ್ಮ ಕಡೆ ಬರಲಿ. ಅವಧಿ ಮುಗಿಯುವ ದಿನ ಅದರಲ್ಲೇ ಇರುತ್ತದೆ. ಬಿಲ್ಲು ಕೇಳಿ. ಬಿಲ್ಲು ಕೇಳಿದರೆ ರಿಯಾಯಿತಿ ಇಲ್ಲ ಅನ್ನುವ ಅಂಗಡಿಯೂ ಉಂಟು. ಆಗ ಮುಂದಿನ ಅಂಗಡಿ ನೋಡಿ.

ಜನೌಷಧಿ ಅಂಗಡಿ ದೂರ ಇದ್ದರೆ ಹೇಗೆ ಅಂತ ತಾಳಿಕೋಟೆ ಕಡೆಯವರು ಕೇಳಿದರು. ಒಳ್ಳೆಯ ಪ್ರಶ್ನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಮೊದಲು ಬಸ್ಸಿನ ರೊಕ್ಕವೇ ಗುಳಿಗೆಯ ಉಳಿತಾಯವನ್ನು ನುಂಗುತ್ತಿತ್ತು. ಈಗ ಅದು ಇಲ್ಲ. ಆದರೆ ಒಂದು ದಿನದ ಕೂಲಿ ಹೋಗುತ್ತದೆ. 96 ರೂಪಾಯಿ ಉಳಿಸಲು ಹೋಗಿ ಮುನ್ನೂರು ರೂಪಾಯಿ ಕೂಲಿ ಬಿಟ್ಟರೆ ಏನು ಬಂತು? ಅಲ್ಲಿನ ಸಂಘದವರು ಒಂದು ದಾರಿ ಮಾಡಿದರು. ತಿಂಗಳಿಗೆ ಒಬ್ಬರ ಪಾಳಿ. ಐದು ಮನೆಯ ಚೀಟಿ, ಖಾಲಿ ಪಟ್ಟಿ, ರೊಕ್ಕ, ಎಲ್ಲಾ ಒಬ್ಬರ ಕೈಯಲ್ಲಿ. ಒಂದೊಂದು ಮನೆಯ ಗುಳಿಗೆಗೆ ಒಂದೊಂದು ಚೀಲ. ಚೀಲದ ಮೇಲೆ ಹೆಸರು. ಹೆಸರು ಬರೆಯುವವರು ಅವರೇ. ಹೋಗುವ ಮೊದಲು ಫೋನ್ ಮಾಡಿ ಗುಳಿಗೆ ಇದೆಯೇ ಅಂತ ಕೇಳುತ್ತಾರೆ. ಜನೌಷಧಿಯಲ್ಲೂ ಕೆಲವು ಸಲ ಮಾಲು ಇರುವುದಿಲ್ಲ.

ಇನ್ನೊಂದು ಸುದ್ದಿ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಮಾಡಿತು. ಸರ್ಕಾರಿ ದವಾಖಾನೆಯ ಆವರಣದ ಒಳಗೆ ಜನೌಷಧಿ ಅಂಗಡಿ ಬೇಡ ಅಂತ. ದವಾಖಾನೆಯಲ್ಲಿ ಪುಕ್ಕಟೆ ಔಷಧ ಕೊಡುವಾಗ ಅಲ್ಲೇ ರೊಕ್ಕದ ಅಂಗಡಿ ಯಾಕೆ ಅನ್ನುವುದು ಸರ್ಕಾರದ ಮಾತು. ಅಂಗಡಿಯವರು ಕೋರ್ಟಿಗೆ ಹೋದರು. ನಮ್ಮ ಅಭಿಪ್ರಾಯ ಕೇಳಿದರೆ, ಒಳಗೆ ಪುಕ್ಕಟೆ ಗುಳಿಗೆ ತಿಂಗಳೂ ತಪ್ಪದೆ ಸಿಕ್ಕರೆ ಸರ್ಕಾರದ ಮಾತು ಸರಿ. ಸಿಗದ ತಿಂಗಳಲ್ಲಿ ಬಡವರು ಎಲ್ಲಿಗೆ ಹೋಗಬೇಕು? ಆವರಣದ ಹೊರಗಿನ ಜನೌಷಧಿ ಅಂಗಡಿಗೆ ಈ ಆದೇಶದ ಸಂಬಂಧ ಇರಲಿಲ್ಲ.

ಕಾರ್ಡನ್ನು ಎಸೆಯಿರಿ ಅಂತ ನಾವು ಹೇಳಿದ ಹಾಗೆ ಆಗಬಾರದು. ಆಯುಷ್ಮಾನ್ ಕಾರ್ಡು ಇರಲಿ. ಮಾಡಿಸದವರು ಮಾಡಿಸಿ. ದವಾಖಾನೆಗೆ ಹೋಗುವಾಗ ರೇಷನ್ ಕಾರ್ಡು, ಆಧಾರ ಕಾರ್ಡು ಜೊತೆಗೆ ಒಯ್ಯಿರಿ. ಯಾವ ದವಾಖಾನೆಯಲ್ಲಿ ನಡೆಯುತ್ತದೆ ಅಂತ 14555ಕ್ಕೆ ಫೋನ್ ಮಾಡಿ ಕೇಳಬಹುದು. ಸೊಸೆಗೂ ತೋರಿಸಿ ಇಡಿ. ಲಕ್ವಾ ಹೊಡೆದಾಗ ಕಾರ್ಡು ಹುಡುಕುವವರು ನೀವಲ್ಲ, ಅವಳು.

ಇಂಡಿ ಕಡೆಯ ಆ ಅವ್ವನನ್ನು ಮೊನ್ನೆ ಕಂಡು ಬಂದೆವು. ಈಗ ಆರೋಗ್ಯ ಕೇಂದ್ರದಿಂದ ಗುಳಿಗೆ ತರುತ್ತಾರೆ. ಒಂದು ಗುಳಿಗೆ ಮಾತ್ರ ಅಲ್ಲಿ ಸಿಗುವುದಿಲ್ಲ. ಅದನ್ನು ಸೊಸೆ ಪೇಟೆಯಿಂದ ತರುತ್ತಾಳೆ. ಅವ್ವ ನಮ್ಮ ಮುಂದೆ ಎರಡು ಪಟ್ಟಿ ಇಟ್ಟರು. ಔಷಧ ಒಂದೇ. ತೂಕ ಒಂದೇ. ಒಂದು ಪಟ್ಟಿಯಲ್ಲಿ 14 ಗುಳಿಗೆ, ಬೆಲೆ 70 ರೂಪಾಯಿ, ರಿಯಾಯಿತಿ 10 ಪರ್ಸೆಂಟ್. ಇನ್ನೊಂದರಲ್ಲಿ 10 ಗುಳಿಗೆ, ಬೆಲೆ 43 ರೂಪಾಯಿ, ರಿಯಾಯಿತಿ ಇಲ್ಲ. "ಯಾವುದು ಸೋವಿ, ಹೇಳ್ರಿ ಅಕ್ಕೋರ" ಅಂದರು. ನಾವು ಬಾಯಿ ತೆರೆಯುವ ಮೊದಲೇ ಎಡಗೈಯಲ್ಲಿ ಬಳಪ ಹಿಡಿದು ಪಾಟಿಯ ಮೇಲೆ ಬರೆಯತೊಡಗಿದರು. ಅಂಕಿ ಸೊಟ್ಟ ಇದ್ದವು. ಲೆಕ್ಕ ಸರಿ ಇತ್ತು.

ಆ ಲೆಕ್ಕವನ್ನು ನೀವೂ ಮಾಡಿ. ಮುಂದಿನ ವಾರ ಕೇಂದ್ರದಲ್ಲಿ ಕೂಡಿ ನೋಡೋಣ. ಬರುವಾಗ ಮನೆಯಿಂದ ಒಂದೊಂದು ಖಾಲಿ ಪಟ್ಟಿ ತರ್ರಿ.